ಹಿನ್ನೆಲೆ ಸಂಗೀತ: ವಿಮರ್ಶಕರಿಗೆ ಅಬ್ಬರ, ಕೇಳುಗರಿಗೆ ಆವರಣ

ಕನ್ನಡ ಚಿತ್ರಸಂಗೀತದ ಚರಿತ್ರೆಯಲ್ಲಿ 2018ನೇ ಇಸವಿಗೆ ವಿಶೇಷ ಸ್ಥಾನವಿದೆ. ಆ ವರ್ಷದ ಜುಲೈ ತಿಂಗಳಲ್ಲಿ ಪುಟ್ಟಣ್ಣ ಕಣಗಾಲ್ ನಿರ್ದೇಶನದ ‘ನಾಗರಹಾವು’ ಡಿಜಿಟಲ್ ರೂಪ ತಳೆದು, 7.1 ಧ್ವನಿ ವ್ಯವಸ್ಥೆಯೊಂದಿಗೆ ಮತ್ತೆ ತೆರೆಗೆ ಬಂದಿತು. ಡಿಸೆಂಬರ್ 21ರಂದು ಪ್ರಶಾಂತ್ ನೀಲ್ ನಿರ್ದೇಶನದ ‘ಕೆ.ಜಿ.ಎಫ್: ಚಾಪ್ಟರ್ 1’ ಬಿಡುಗಡೆಯಾಯಿತು. ಮೊದಲನೆಯದು ಚಿತ್ರದುರ್ಗದ ಕೋಟೆಯ ಬಂಡೆಗಳ ನಡುವೆ ಚಿತ್ರೀಕರಣಗೊಂಡು 1972ರ ಡಿಸೆಂಬರ್‌ನಲ್ಲಿ ಮೊದಲ ಬಾರಿಗೆ ತೆರೆಕಂಡಿದ್ದ ಚಿತ್ರ. ಎರಡನೆಯದು 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯನ್ನು ಕಥೆಯ ನೆಲೆಯಾಗಿಸಿಕೊಂಡ ಚಿತ್ರ. ಎರಡರ ನಡುವೆ 46 ವರ್ಷಗಳ ಅಂತರ.

ಈ ಅವಧಿಯಲ್ಲಿ ‘ಚಿತ್ರಸಂಗೀತ’ ಎಂಬ ಮಾತಿನ ಅರ್ಥವೇ ಬದಲಾಗಿದೆ. ಹಿಂದೆ ಅದು ಗುನುಗಬಹುದಾದ ಹಾಡು. ಇಂದು ಅದು ಬಹುಮಟ್ಟಿಗೆ ಕೇಳುಗನನ್ನು ಸುತ್ತುವರಿಯುವ ನಾದ. ವಾದ್ಯವೃಂದ, ಸಮೂಹಗಾನ ಮತ್ತು ಎಲೆಕ್ಟ್ರಾನಿಕ್ ಸ್ವರಗಳನ್ನು ಪದರಪದರವಾಗಿ ಬೆರೆಸಿ ಕಟ್ಟಿದ ಒಂದು ವಾತಾವರಣ. ಈ ಬಗೆಯ ಸಂಗೀತ ಬಂದಾಗಲೆಲ್ಲ ವಿಮರ್ಶಕರು ಮತ್ತು ಕೇಳುಗರು ಬೇರೆಬೇರೆ ತೀರ್ಪು ನೀಡುತ್ತಾ ಬಂದಿದ್ದಾರೆ. ಒಂದು ಕಡೆ ‘ಅಬ್ಬರ’ ಎಂಬ ದೂರು, ಇನ್ನೊಂದು ಕಡೆ ಮೈ ಜುಮ್ಮೆಂದಿತು ಎಂಬ ಮೆಚ್ಚುಗೆ. ಇದು ಕೇವಲ ಅಭಿರುಚಿಯ ಭೇದವಲ್ಲ. ಇಬ್ಬರೂ ಕೇಳಿದ್ದು ಒಂದೇ ಸಂಗೀತವೇ ಎಂಬ ಪ್ರಶ್ನೆಯೂ ಇಲ್ಲಿದೆ.

ಕೋಟೆನಾಡಿನ ಹಳೆಯ ಉದಾಹರಣೆ

ತೀರ್ಪುಗಳ ಈ ಒಡಕು ಹೊಸತಲ್ಲ. ‘ನಾಗರಹಾವು’ ಚಿತ್ರವು ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಆಧರಿಸಿತ್ತು. ಚಿತ್ರದುರ್ಗದ ಇತಿಹಾಸವನ್ನು ಕನ್ನಡಿಗರ ಮನೆಮನೆಗೆ ತಲುಪಿಸಿದ ಈ ಕಾದಂಬರಿಕಾರರಿಗೆ ಚಿತ್ರ ಒಪ್ಪಿಗೆಯಾಗಲಿಲ್ಲ. ತಮ್ಮ ಕೃತಿಯ ಆಶಯ ಉಳಿದಿಲ್ಲವೆಂಬ ಅವರ ಅಸಮಾಧಾನ ಕನ್ನಡ ಓದುಗರಿಗೆ ಪರಿಚಿತ ಸಂಗತಿ. ಆದರೆ ಪ್ರೇಕ್ಷಕರು ಚಿತ್ರವನ್ನು ಎದೆಗಪ್ಪಿಕೊಂಡರು. ವಿಷ್ಣುವರ್ಧನ್ ನಾಯಕನಟರಾದರು, ಅಂಬರೀಷ್ ಚಿತ್ರರಂಗ ಪ್ರವೇಶಿಸಿದರು, ಒನಕೆ ಓಬವ್ವನ ಪ್ರಸಂಗ ನಾಡಿನ ನೆನಪಿನಲ್ಲಿ ಜಯಂತಿಯವರ ಮುಖ ಪಡೆಯಿತು. ವಿಜಯಭಾಸ್ಕರ್ ಸಂಯೋಜನೆಯ ಹಾಡುಗಳು ಇಂದಿಗೂ ಬಾನುಲಿಯಲ್ಲಿ ಕೇಳಿಬರುತ್ತವೆ.

ಆ ಸಂಗೀತದ ಸ್ವಭಾವವನ್ನು ಅಂದಿನ ತಂತ್ರಜ್ಞಾನವೂ ನಿರ್ಧರಿಸಿತ್ತು. ಅಂದಿನ ಚಿತ್ರಗಳಲ್ಲಿ ಮಾತು, ಹಾಡು, ಹಿನ್ನೆಲೆ ಸಂಗೀತ ಮೂರೂ ಫಿಲ್ಮಿನ ಅಂಚಿನ ಒಂದೇ ಧ್ವನಿಪಟ್ಟಿಯಲ್ಲಿ ಅಡಕವಾಗಬೇಕಿತ್ತು. ತೀರ ತಗ್ಗಿನ ಮತ್ತು ತೀರ ಎತ್ತರದ ಸ್ವರಗಳು ಅದರಲ್ಲಿ ಮಸುಕಾಗುತ್ತಿದ್ದವು. ಪರದೆಯ ಹಿಂದಿನಿಂದ ನಾದ ಹೊರಡುತ್ತಿತ್ತು. ಇಂಥ ಇಕ್ಕಟ್ಟಿನಲ್ಲಿ ಉಳಿದುಕೊಳ್ಳಬಲ್ಲದ್ದು ಮನುಷ್ಯಕಂಠ ಮತ್ತು ಸ್ಪಷ್ಟವಾದ ರಾಗರೇಖೆ. ಆದ್ದರಿಂದಲೇ ಆ ಕಾಲದ ಸಂಗೀತ ನಿರ್ದೇಶಕರು ಮಾತಿಗೆ ಅಂಟಿಕೊಂಡ ಮಟ್ಟುಗಳನ್ನು ಕಟ್ಟಿದರು. ಟ್ರಾನ್ಸಿಸ್ಟರಿನಲ್ಲಿ ಕೇಳಿದರೂ, ಜಾತ್ರೆಯ ಧ್ವನಿವರ್ಧಕದಲ್ಲಿ ಕೇಳಿದರೂ ಆ ಹಾಡು ಕೆಡುತ್ತಿರಲಿಲ್ಲ.

2018ರ ಮರುಬಿಡುಗಡೆಯಲ್ಲಿ ಆ ಚಿತ್ರಕ್ಕೆ ಹೊಸ ಧ್ವನಿ ವಿನ್ಯಾಸ ದೊರೆಯಿತು. 7.1 ಎಂದರೆ ಪ್ರೇಕ್ಷಾಗೃಹದ ಸುತ್ತ ಏಳು ದಿಕ್ಕಿನ ಧ್ವನಿಪಥಗಳು, ಜೊತೆಗೆ ತಗ್ಗುಸ್ವರಗಳಿಗೆಂದೇ ಮೀಸಲಾದ ಇನ್ನೊಂದು ಪಥ. ಒಂದೇ ಪಟ್ಟಿಯಲ್ಲಿ ಬೆಸೆದುಕೊಂಡ ನಾದವನ್ನು ಹೀಗೆ ಹಂಚಬೇಕಾದರೆ ಮಾತನ್ನು ಶುದ್ಧಗೊಳಿಸಬೇಕು, ಸಂಗೀತವನ್ನು ಬಿಡಿಸಿ ಹರಡಬೇಕು. ಚಿತ್ರ ನೋಡಲು ಬಂದವರಲ್ಲಿ ಹಾಡುಗಳನ್ನು ಬಾಯಿಪಾಠವಾಗಿ ಬಲ್ಲವರೇ ಹೆಚ್ಚು. ಅವರಿಗೆ ಹೊಸದಾಗಿ ಸಿಕ್ಕಿದ್ದು ಹಾಡಲ್ಲ, ಹಾಡಿನ ಸುತ್ತಲಿನ ಜಾಗ.

ಹಾಡಿನಿಂದ ಆವರಣಕ್ಕೆ

ಈ ಬದಲಾವಣೆಯ ಬೀಜ ಬಿದ್ದದ್ದು ಎಂಬತ್ತರ ದಶಕದಲ್ಲಿ. 1983ರಲ್ಲಿ ‘ಮಿಡಿ’ ಎಂಬ ಸಂಕೇತ ವ್ಯವಸ್ಥೆ ಬಳಕೆಗೆ ಬಂದಿತು. ಒಂದು ಕಂಪನಿಯ ಕೀಬೋರ್ಡ್ ಇನ್ನೊಂದು ಕಂಪನಿಯ ಸಿಂಥಸೈಸರನ್ನೋ ತಾಳಯಂತ್ರವನ್ನೋ ನುಡಿಸಲು ಇದರಿಂದ ಸಾಧ್ಯವಾಯಿತು. ಅದೇ ವರ್ಷ ಮಾರುಕಟ್ಟೆಗೆ ಬಂದ ಯಮಾಹಾ ಡಿಎಕ್ಸ್7 ಎಂಬ ಕೀಬೋರ್ಡ್ ಜಗತ್ತಿನ ಸ್ಟುಡಿಯೋಗಳನ್ನು ಹೊಕ್ಕಿತು. ಕನ್ನಡದಲ್ಲಿ 1987ರ ‘ಪ್ರೇಮಲೋಕ’ದ ಮೂಲಕ ಹಂಸಲೇಖ ಈ ಯಂತ್ರಯುಗದ ನಾದವನ್ನು ಮನೆಮಾತಾಗಿಸಿದರು. ಅದರ ಧ್ವನಿಸುರುಳಿ ಅಂಗಡಿ, ಹೋಟೆಲು, ಬಸ್ಸುಗಳಲ್ಲೆಲ್ಲ ಮೊಳಗಿತು. ಆಡುಮಾತು, ಇಂಗ್ಲಿಷ್ ಪದಗಳು ಬೆರೆತ ಆ ಸಾಹಿತ್ಯದ ಬಗೆಗೆ ಮಡಿವಂತರ ಮೂಗು ಮುರಿಯುವಿಕೆಯೂ ಜೊತೆಗೇ ಇತ್ತು. 1992ರಲ್ಲಿ ಎ.ಆರ್. ರೆಹಮಾನ್ ಅವರ ‘ರೋಜಾ’ ಬಂದ ಮೇಲೆ ದಕ್ಷಿಣ ಭಾರತದ ಕೇಳುಗರು ಧ್ವನಿಯ ಗುಣಮಟ್ಟವನ್ನೇ ಸಂಗೀತದ ಒಂದು ಅಂಗವೆಂದು ಎಣಿಸತೊಡಗಿದರು.

ಇನ್ನೊಂದು ಪರಿಣಾಮ ಭೌಗೋಳಿಕವಾದದ್ದು. ಹಿಂದೆ ವಾದ್ಯವೃಂದ ಬೇಕೆಂದರೆ ಮದ್ರಾಸಿಗೋ ಮುಂಬಯಿಗೋ ಹೋಗಬೇಕಿತ್ತು. ಪಿಟೀಲು, ತುತ್ತೂರಿ, ಡೋಲುಗಳ ನಾದದ ತುಣುಕುಗಳು ಕಂಪ್ಯೂಟರಿನಲ್ಲಿ ದೊರೆಯತೊಡಗಿದ ಮೇಲೆ ಆ ಅನಿವಾರ್ಯತೆ ತಪ್ಪಿತು. ಕುಂದಾಪುರ ತಾಲ್ಲೂಕಿನ ಬಸ್ರೂರಿನಿಂದ ಬಂದ ಕಿರಣ್ ಎಂಬ ಯುವಕ ರವಿ ಬಸ್ರೂರು ಎಂಬ ಹೆಸರಿನಲ್ಲಿ 2014ರ ‘ಉಗ್ರಂ’ ಚಿತ್ರಕ್ಕೆ ಸಂಗೀತ ನೀಡಿ ಹೆಸರಾದರು. ಮುಂದೆ ತಮ್ಮೂರಿನಲ್ಲೇ ಸ್ಟುಡಿಯೋ ಕಟ್ಟಿಕೊಂಡರು. ಕೆ.ಜಿ.ಎಫ್ ಚಿತ್ರದ ಸಂಗೀತ ಇವರದೇ.

ಕೆ.ಜಿ.ಎಫ್ ಸಂಗೀತದ ರಚನೆ

ಕೆ.ಜಿ.ಎಫ್ ಧ್ವನಿಮುದ್ರಿಕೆಯಲ್ಲಿ ಹಳೆಯ ಮಾದರಿಯ ಹಾಡು ಇಲ್ಲದಿಲ್ಲ. 1970ರ ‘ಪರೋಪಕಾರಿ’ ಚಿತ್ರಕ್ಕೆ ಉಪೇಂದ್ರಕುಮಾರ್ ಸಂಯೋಜಿಸಿದ್ದ ಗೀತೆಯೊಂದರ ಹೊಸ ರೂಪ ಅದರಲ್ಲಿದೆ. ಅನನ್ಯಾ ಭಟ್ ಹಾಡಿದ ತಾಯಿಯ ಗೀತೆ ಜನಪ್ರಿಯವಾಯಿತು. ಆದರೆ ಚಿತ್ರದ ಗುರುತಾಗಿ ಉಳಿದದ್ದು ಹಿನ್ನೆಲೆ ಸಂಗೀತ. ಅದರ ಕಟ್ಟೋಣ ಸರಳ: ತಳದಲ್ಲಿ ದೇಹಕ್ಕೆ ತಾಗುವ ತಗ್ಗುಸ್ವರ, ಅದರ ಮೇಲೆ ಪುನರಾವರ್ತನೆಗೊಳ್ಳುವ ಪುಟ್ಟ ಸ್ವರಗುಚ್ಛ, ಅದರ ಮೇಲೆ ತಂತಿವಾದ್ಯ ಮತ್ತು ತುತ್ತೂರಿಗಳ ಏರಿಕೆ, ತುದಿಯಲ್ಲಿ ಗಂಡುಕಂಠಗಳ ಸಮೂಹಘೋಷ. ನಡುವೆ ಒಂದು ಕ್ಷಣದ ನಿಶ್ಶಬ್ದ, ಕೂಡಲೇ ಲೋಹದ ಪೆಟ್ಟು. ಆ ನಿಶ್ಶಬ್ದದ ಜಾಗದಲ್ಲಿ ಚಿತ್ರಮಂದಿರದ ಶಿಳ್ಳೆ, ಕೂಗು, ಚಪ್ಪಾಳೆಗಳು ಬಂದು ಕೂಡುತ್ತವೆ. ಒಂದು ಅರ್ಥದಲ್ಲಿ ಪ್ರೇಕ್ಷಕರೂ ವಾದ್ಯವೃಂದದ ಸದಸ್ಯರು.

ವಿಮರ್ಶೆಗಳಲ್ಲಿ ಮೆಚ್ಚುಗೆಯ ಜೊತೆಗೆ ಪದೇ ಪದೇ ಬಂದ ಆಕ್ಷೇಪವೆಂದರೆ ಗದ್ದಲ. ಸಂಭಾಷಣೆ ನಾದದಲ್ಲಿ ಮುಳುಗುತ್ತದೆ, ಪ್ರತಿ ದೃಶ್ಯವೂ ಉತ್ಕರ್ಷವೇ ಆಗಿರುವುದರಿಂದ ಯಾವುದೂ ಉತ್ಕರ್ಷವಾಗಿ ಉಳಿಯುವುದಿಲ್ಲ ಎಂಬ ಮಾತು ಕೇಳಿಬಂದಿತು. ಕೇಳುಗರ ಉತ್ತರ ಬೇರೆ ಬಗೆಯದಾಗಿತ್ತು. ಚಿತ್ರ ಮುಗಿದ ಮೇಲೆ ಅವರು ಹಿನ್ನೆಲೆ ಸಂಗೀತವನ್ನೇ ಪ್ರತ್ಯೇಕವಾಗಿ ಹುಡುಕಿ ಕೇಳಿದರು. ಅದು ಪ್ರತ್ಯೇಕ ಧ್ವನಿಮುದ್ರಿಕೆಯಾಗಿಯೂ ಹೊರಬಂದಿತು. ಮೊಬೈಲಿನ ರಿಂಗ್‌ಟೋನ್, ಮದುವೆಯ ವಿಡಿಯೋ, ಕಬಡ್ಡಿ ಪಂದ್ಯಾವಳಿ, ಗಣೇಶೋತ್ಸವದ ಮೆರವಣಿಗೆಗಳಲ್ಲಿ ಅದು ಕೇಳಿಬಂದಿತು. 2018ನೇ ಸಾಲಿನ ರಾಜ್ಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಶ್ರೇಷ್ಠ ಸಂಗೀತ ನಿರ್ದೇಶಕ ಗೌರವ ರವಿ ಬಸ್ರೂರು ಅವರಿಗೆ ಸಂದಿತು. 2022ರ ಏಪ್ರಿಲ್ 14ರಂದು ತೆರೆಕಂಡ ಎರಡನೆಯ ಭಾಗ ಜಗತ್ತಿನಾದ್ಯಂತ ಸಾವಿರ ಕೋಟಿ ರೂಪಾಯಿ ಮೀರಿದ ಗಳಿಕೆ ಕಂಡಿತು.

ತೀರ್ಪು ಒಡೆಯುವುದೇಕೆ?

ಇದಕ್ಕೆ ಮೂರು ಕಾರಣಗಳನ್ನು ಗುರುತಿಸಬಹುದು.

ಮೊದಲನೆಯದು ಅಳತೆಗೋಲಿನದು. ಕನ್ನಡದ ಚಿತ್ರಸಂಗೀತ ವಿಮರ್ಶೆ ಬೆಳೆದದ್ದು ಭಾವಗೀತೆ ಮತ್ತು ಚಿತ್ರಗೀತೆಗಳ ನೆರಳಿನಲ್ಲಿ. ಸಾಹಿತ್ಯ ಹೇಗಿದೆ, ರಾಗ ಯಾವುದು, ಗಾಯಕರ ಉಚ್ಚಾರ ಸ್ಪಷ್ಟವೇ ಎಂಬುವು ಅದರ ಪ್ರಶ್ನೆಗಳು. ಈ ಪ್ರಶ್ನೆಗಳು ಹಾಡಿಗೆ ಸರಿ. ರಾಗವೇ ಮುಖ್ಯವಲ್ಲದ, ಮಾತು ಕೇವಲ ಘೋಷವಾಗಿರುವ ಸಂಗೀತಕ್ಕೆ ಇವನ್ನು ಕೇಳಿದರೆ ‘ಏನೂ ಇಲ್ಲ’ ಎಂಬ ಉತ್ತರವೇ ಬರುತ್ತದೆ. ಅಲ್ಲಿರುವುದು ನಾದದ ಬಣ್ಣ, ಸಾಂದ್ರತೆ, ದೂರ ಮತ್ತು ಹತ್ತಿರ. ಅವುಗಳನ್ನು ವಿವರಿಸುವ ಪದಕೋಶ ಕನ್ನಡದಲ್ಲಿ ಇನ್ನೂ ಬೆಳೆಯಬೇಕಾಗಿದೆ.

ಎರಡನೆಯದು ಕಾಲದ್ದು. ವಿಮರ್ಶಕ ಸಾಮಾನ್ಯವಾಗಿ ಬಿಡುಗಡೆಯ ದಿನ ಒಮ್ಮೆ ಕೇಳಿ ಬರೆಯುತ್ತಾನೆ. ಆವರಣದ ಸಂಗೀತ ಮೊದಲ ಸಲಕ್ಕೆ ಹಿಡಿತಕ್ಕೆ ಸಿಗುವುದು ಕಡಿಮೆ. ಗ್ರೀಸ್ ದೇಶದ ಸಂಯೋಜಕ ವಾಂಗೆಲಿಸ್ ಈ ಪ್ರಕಾರದ ಹಿರಿಯರಲ್ಲೊಬ್ಬರು. 1981ರ ‘ಚಾರಿಯಟ್ಸ್ ಆಫ್ ಫೈರ್’ ಚಿತ್ರದ ಸಂಗೀತಕ್ಕೆ ಅವರಿಗೆ ಆಸ್ಕರ್ ದೊರೆಯಿತು. ಆದರೆ 1982ರ ‘ಬ್ಲೇಡ್ ರನ್ನರ್’ ಚಿತ್ರಕ್ಕೆ ಅವರು ನೀಡಿದ ಎಲೆಕ್ಟ್ರಾನಿಕ್ ಸಂಗೀತದ ಅಧಿಕೃತ ಮುದ್ರಿಕೆ ಹೊರಬಂದದ್ದು 12 ವರ್ಷಗಳ ನಂತರ, 1994ರಲ್ಲಿ. ಬಿಡುಗಡೆಯಾದಾಗ ಮಿಶ್ರ ಪ್ರತಿಕ್ರಿಯೆ ಪಡೆದ ಆ ಚಿತ್ರವೂ ಅದರ ಸಂಗೀತವೂ ಇಂದು ಆ ಪ್ರಕಾರದ ಮಾದರಿಗಳೆನಿಸಿವೆ.

ಮೂರನೆಯದು ಸ್ಥಳದ್ದು, ಇದೇ ಎಲ್ಲಕ್ಕಿಂತ ಮುಖ್ಯ. ಗುನುಗುವ ಹಾಡನ್ನು ಎಲ್ಲಿ ಕೇಳಿದರೂ ಅದೇ ಹಾಡು. ಆವರಣದ ಸಂಗೀತ ಹಾಗಲ್ಲ. ಅದರ ಅರ್ಧ ಭಾಗ ಕೇಳುವ ಕೋಣೆಯಲ್ಲಿದೆ. 20ರಿಂದ 80 ಹರ್ಟ್ಸ್ ನಡುವಿನ ಸ್ವರಗಳನ್ನು ಕಿವಿಗಿಂತ ಹೆಚ್ಚಾಗಿ ಎದೆ ಕೇಳುತ್ತದೆ. ಸುಸಜ್ಜಿತ ಚಿತ್ರಮಂದಿರದಲ್ಲಿ ಈ ಸ್ವರಗಳಿಗೆ ದೊಡ್ಡ ಧ್ವನಿಪೆಟ್ಟಿಗೆಗಳಿರುತ್ತವೆ. ಹೊಂದಾಣಿಕೆ ತಪ್ಪಿದ ಮಂದಿರದಲ್ಲಿ ಅದೇ ಸ್ವರಗಳು ಗುಂಯ್‌ಗುಟ್ಟಿ ಮಾತನ್ನು ನುಂಗುತ್ತವೆ. ಮಾತಿನ ಸ್ಪಷ್ಟತೆಗೆ ಕಾರಣವಾದ ವ್ಯಂಜನಗಳು ಎತ್ತರದ ಸ್ವರಶ್ರೇಣಿಯಲ್ಲಿರುವುದರಿಂದ, ಅದೇ ಶ್ರೇಣಿಯಲ್ಲಿ ತುತ್ತೂರಿ ಮೊಳಗಿದರೂ ಮಾತು ಕೇಳದಾಗುತ್ತದೆ. ಒಂದೇ ಚಿತ್ರದ ಬಗೆಗೆ ಒಬ್ಬರು ‘ಕಿವಿ ಹರಿಯಿತು’ ಎಂದೂ ಇನ್ನೊಬ್ಬರು ‘ಮೈ ನವಿರೆದ್ದಿತು’ ಎಂದೂ ಹೇಳಿದರೆ ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು.

ಇದು ಕನ್ನಡಕ್ಕೆ ಸೀಮಿತವಾದ ಗೊಂದಲವೂ ಅಲ್ಲ. 2014ರಲ್ಲಿ ಕ್ರಿಸ್ಟೊಫರ್ ನೋಲನ್ ಅವರ ‘ಇಂಟರ್‌ಸ್ಟೆಲ್ಲಾರ್’ ತೆರೆಕಂಡಾಗ ಹಾನ್ಸ್ ಝಿಮ್ಮರ್ ಸಂಗೀತದ ಅಬ್ಬರದಲ್ಲಿ ಸಂಭಾಷಣೆ ಕೇಳಿಸುತ್ತಿಲ್ಲವೆಂದು ದೂರಿದವರು ಪ್ರೇಕ್ಷಕರೇ. ಅದು ಉದ್ದೇಶಪೂರ್ವಕವಾದ ಆಯ್ಕೆ ಎಂದು ನಿರ್ದೇಶಕರು ಸಮರ್ಥಿಸಿಕೊಂಡರು. ಅದೇ ಸಂಗೀತ ಇಂದು ಸಭಾಂಗಣಗಳಲ್ಲಿ ವಾದ್ಯವೃಂದದ ಕಛೇರಿಯಾಗಿ ಜನರನ್ನು ಸೆಳೆಯುತ್ತಿದೆ.

‘ಕಾಂತಾರ’ ನೀಡಿದ ಸಾಕ್ಷ್ಯ

ಇಂಥ ಸಂಗೀತದಲ್ಲಿ ಕೇಳುಗರು ನಿಜಕ್ಕೂ ಏನನ್ನು ಕೇಳುತ್ತಾರೆ? ಈ ಪ್ರಶ್ನೆಗೆ 2022ರಲ್ಲಿ ಅನಿರೀಕ್ಷಿತವಾಗಿ ಒಂದು ಉತ್ತರ ದೊರೆಯಿತು. ಸೆಪ್ಟೆಂಬರ್ 30ರಂದು ಬಿಡುಗಡೆಯಾದ ರಿಷಬ್ ಶೆಟ್ಟಿಯವರ ‘ಕಾಂತಾರ’ದಲ್ಲಿ ಅಜನೀಶ್ ಲೋಕನಾಥ್ ಸಂಯೋಜಿಸಿದ ‘ವರಾಹ ರೂಪಂ’ ಗೀತೆ ಚಿತ್ರದ ಶಿಖರವಾಗಿತ್ತು. ಸಾಹಿತ್ಯ ಶಶಿರಾಜ್ ಕಾವೂರು ಅವರದು, ಕಂಠ ಸಾಯಿ ವಿಘ್ನೇಶ್ ಅವರದು. ಇದು ತಮ್ಮ ‘ನವರಸಂ’ ಗೀತೆಯ ನಕಲೆಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ನ್ಯಾಯಾಲಯದ ಮೆಟ್ಟಿಲೇರಿತು. ಚಿತ್ರತಂಡ ಆರೋಪವನ್ನು ನಿರಾಕರಿಸಿತು. ಕೇರಳದ ನ್ಯಾಯಾಲಯ ಗೀತೆಯ ಬಳಕೆಗೆ ತಾತ್ಕಾಲಿಕ ತಡೆ ನೀಡಿತು.

ಪರಿಣಾಮವಾಗಿ ನವೆಂಬರ್ 24ರಂದು ಚಿತ್ರ ಅಮೆಜಾನ್ ಪ್ರೈಮ್‌ನಲ್ಲಿ ಬಂದಾಗ ಗೀತೆಯ ಸಂಗೀತವನ್ನು ಬದಲಿಸಲಾಗಿತ್ತು. ಸಾಹಿತ್ಯ ಅದೇ, ದೃಶ್ಯ ಅದೇ, ನಟನೆಯೂ ಅದೇ. ಆದರೂ ಪ್ರೇಕ್ಷಕರು ಒಪ್ಪಲಿಲ್ಲ. ಚಿತ್ರದ ಆತ್ಮವೇ ಹೋಯಿತೆಂಬ ಬೇಸರ ವ್ಯಾಪಕವಾಗಿ ವ್ಯಕ್ತವಾಯಿತು. ಮುಂದೆ ತಡೆಯಾಜ್ಞೆ ತೆರವಾಗಿ ಮೂಲ ಗೀತೆ ಮರಳಿತು. ವ್ಯಾಜ್ಯ 2023ರಲ್ಲಿ ಕೇರಳ ಹೈಕೋರ್ಟ್ ಹಾಗೂ ಸುಪ್ರೀಂ ಕೋರ್ಟ್‌ಗಳವರೆಗೂ ಹೋಯಿತು.

ಮೊಕದ್ದಮೆಯ ಸರಿತಪ್ಪುಗಳನ್ನು ಬದಿಗಿಟ್ಟು ನೋಡಿದರೂ ಈ ಪ್ರಸಂಗ ಎರಡು ಸಂಗತಿಗಳನ್ನು ಸ್ಪಷ್ಟಪಡಿಸುತ್ತದೆ. ಒಂದು, ‘ಜನ ಗದ್ದಲಕ್ಕೆ ಮರುಳಾಗುತ್ತಾರೆ’ ಎಂಬ ಮಾತು ಅರ್ಧಸತ್ಯ. ಗದ್ದಲಕ್ಕೇ ಮರುಳಾಗುವುದಾಗಿದ್ದರೆ ಬದಲಿ ಸಂಗೀತವೂ ಸಾಕಾಗುತ್ತಿತ್ತು. ಯಾವ ಶಾಸ್ತ್ರಪರಿಭಾಷೆಯ ನೆರವೂ ಇಲ್ಲದೆ ಸಾಮಾನ್ಯ ಪ್ರೇಕ್ಷಕರು ವ್ಯತ್ಯಾಸವನ್ನು ಮೊದಲ ದಿನವೇ ಗುರುತಿಸಿದರು. ಎರಡು, ಹಕ್ಕುಸ್ವಾಮ್ಯದ ಕಾನೂನಿಗೂ ಇದು ಕಠಿಣ ಪರೀಕ್ಷೆ. ರಾಗ ಯಾರ ಸ್ವತ್ತೂ ಅಲ್ಲ ಎಂಬುದು ಸರ್ವಸಮ್ಮತ. ಆದರೆ ರಾಗವನ್ನು ಆವರಿಸಿದ ವಾದ್ಯಗಳ ಜೋಡಣೆ, ಲಯದ ನಡಿಗೆ, ಏರಿಳಿತಗಳ ಕ್ರಮ ಯಾರ ಸ್ವತ್ತು? ಹಾಡೆಂದರೆ ಮಟ್ಟು ಮತ್ತು ಮಾತು ಎಂದು ತಿಳಿದಿದ್ದ ಕಾಲದಲ್ಲಿ ಈ ಪ್ರಶ್ನೆ ಇಷ್ಟು ತೀವ್ರವಾಗಿರಲಿಲ್ಲ.

ಚಿತ್ರದಿಂದ ಹೊರಬಂದ ನಾದ

ಆವರಣದ ಸಂಗೀತಕ್ಕೆ ಇನ್ನೊಂದು ಗುಣವಿದೆ. ಅದು ಸುಲಭವಾಗಿ ತನ್ನ ಚಿತ್ರವನ್ನು ಬಿಟ್ಟು ಬೇರೆ ದೃಶ್ಯಕ್ಕೆ ಅಂಟಿಕೊಳ್ಳುತ್ತದೆ. 2022ರ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ಪಕ್ಷದ ಭಾರತ್ ಜೋಡೊ ಯಾತ್ರೆ ಹಿರಿಯೂರು, ಚಳ್ಳಕೆರೆ ಮಾರ್ಗವಾಗಿ ಚಿತ್ರದುರ್ಗ ಜಿಲ್ಲೆಯನ್ನು ಹಾದುಹೋಯಿತು. ಯಾತ್ರೆಯ ಪ್ರಚಾರದ ವಿಡಿಯೋದಲ್ಲಿ ಕೆ.ಜಿ.ಎಫ್ ಎರಡನೆಯ ಭಾಗದ ಸಂಗೀತವನ್ನು ಅನುಮತಿಯಿಲ್ಲದೆ ಬಳಸಲಾಗಿದೆ ಎಂದು ಎಂ.ಆರ್.ಟಿ. ಮ್ಯೂಸಿಕ್ ಸಂಸ್ಥೆ ದೂರು ನೀಡಿತು. ನವೆಂಬರ್ 7ರಂದು ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ ಪಕ್ಷದ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನು ತಾತ್ಕಾಲಿಕವಾಗಿ ತಡೆಹಿಡಿಯಲು ಆದೇಶಿಸಿತು. ಮರುದಿನವೇ ಕರ್ನಾಟಕ ಹೈಕೋರ್ಟ್, ಆಕ್ಷೇಪಿತ ಭಾಗವನ್ನು ತೆಗೆದುಹಾಕುವ ಷರತ್ತಿನೊಂದಿಗೆ, ಆ ಆದೇಶವನ್ನು ರದ್ದುಪಡಿಸಿತು.

ಇಲ್ಲಿ ಗಮನಿಸಬೇಕಾದದ್ದು ರಾಜಕೀಯವನ್ನಲ್ಲ. ಗಣಿಯ ಕಥೆಗೆಂದು ಕಟ್ಟಿದ ನಾದ ಪಾದಯಾತ್ರೆಗೂ ಹೊಂದಿತು; ಅದೇ ನಾದ ಮದುವೆಯ ಮನೆಗೂ ಹೊಂದುತ್ತದೆ. ಅದರ ಬಲವೂ ಇದೇ, ದೌರ್ಬಲ್ಯವೂ ಇದೇ. ಓಬವ್ವನ ಹಾಡನ್ನು ಬೇರೆ ಯಾರ ಕಥೆಗೂ ಅಂಟಿಸಲಾಗದು; ಅದರ ಮಾತೇ ಅದನ್ನು ಚಿತ್ರದುರ್ಗಕ್ಕೆ ಕಟ್ಟಿಹಾಕಿದೆ. ಮಾತಿಲ್ಲದ ನಾದ ಯಾವ ದೃಶ್ಯವನ್ನಾದರೂ ದೊಡ್ಡದಾಗಿ ಕಾಣಿಸಬಲ್ಲದು, ಆದರೆ ಆ ದೊಡ್ಡತನ ಯಾವುದರದು ಎಂದು ಹೇಳಲಾರದು. ವಿಮರ್ಶಕರ ‘ಅಬ್ಬರ’ ಎಂಬ ಆಕ್ಷೇಪದಲ್ಲಿ ಹುರುಳಿರುವುದು ಈ ಜಾಗದಲ್ಲಿ.

ತಾಲ್ಲೂಕಿನ ಕೇಳುಗನ ಪಾಲು

ಹಾಗಾದರೆ ನಷ್ಟ ಯಾರಿಗೆ? ಆವರಣದ ಸಂಗೀತದ ಅರ್ಧ ಭಾಗ ಕೇಳುವ ಸ್ಥಳದಲ್ಲಿದೆ ಎಂದಾದರೆ, ಒಳ್ಳೆಯ ಸ್ಥಳ ಯಾರಿಗೆ ದಕ್ಕುತ್ತದೆ ಎಂಬುದೂ ಸಂಗೀತದ ಪ್ರಶ್ನೆಯೇ. ಬೆಂಗಳೂರಿನ ಬಹುಪರದೆ ಮಂದಿರದಲ್ಲಿ ಕುಳಿತವನಿಗೆ ಸಂಯೋಜಕ ಕಟ್ಟಿದ ಎಲ್ಲ ಪದರಗಳೂ ಸಿಗುತ್ತವೆ. ರಾಜ್ಯದ ಸಣ್ಣ ಊರುಗಳಲ್ಲಿ ಒಂಟಿ ಪರದೆಯ ಚಿತ್ರಮಂದಿರಗಳು ಒಂದೊಂದಾಗಿ ಬಾಗಿಲು ಮುಚ್ಚಿ ಕಲ್ಯಾಣ ಮಂಟಪಗಳೋ ವಾಣಿಜ್ಯ ಸಂಕೀರ್ಣಗಳೋ ಆಗಿರುವ ಈ ದಿನಗಳಲ್ಲಿ ಹೊಸದುರ್ಗ, ಹೊಳಲ್ಕೆರೆಗಳಂಥ ತಾಲ್ಲೂಕು ಕೇಂದ್ರಗಳ ಕೇಳುಗ ಹೆಚ್ಚು ಹೆಚ್ಚಾಗಿ ಮೊಬೈಲನ್ನೇ ನೆಚ್ಚಬೇಕಾಗಿದೆ. ಬೆರಳಗಲದ ಆ ಧ್ವನಿಪೆಟ್ಟಿಗೆ 200 ಹರ್ಟ್ಸ್‌ಗಿಂತ ತಗ್ಗಿನ ಸ್ವರಗಳನ್ನು ಬಹುಪಾಲು ನುಡಿಸಲಾರದು. ಮೇಲಿನ ಅನುಸ್ವರಗಳಿಂದ ಮಿದುಳು ತಳದ ಸ್ವರವನ್ನು ಊಹಿಸಿಕೊಳ್ಳುತ್ತದೆ ಎಂಬುದು ಶ್ರವಣ ವಿಜ್ಞಾನ ಬಲ್ಲ ಸತ್ಯ. ಅಂದರೆ ಆ ಕೇಳುಗ ಅರ್ಧ ಸಂಗೀತವನ್ನು ಕೇಳಿ, ಉಳಿದರ್ಧವನ್ನು ಮನಸ್ಸಿನಲ್ಲಿ ತುಂಬಿಕೊಳ್ಳುತ್ತಾನೆ. ಹಿಂದೊಮ್ಮೆ ಮಂದಿರದಲ್ಲಿ ಕೇಳಿದ್ದ ನೆನಪು ಅವನ ಬೆನ್ನಿಗಿರಬೇಕು. ಮಂದಿರವೇ ಇಲ್ಲದ ಊರಿನಲ್ಲಿ ಆ ನೆನಪು ಹುಟ್ಟುವುದಾದರೂ ಎಲ್ಲಿಂದ?

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ಇಲ್ಲಿ ಒಂದು ಹೋಲಿಕೆ ಒದಗಿಸುತ್ತದೆ. ಅಲ್ಲಿಂದ 1997ರಲ್ಲಿ ಆರಂಭವಾದ ‘ಶಿವಸಂಚಾರ’ ತಿರುಗಾಟ ರಂಗತಂಡವು ನಾಡಿನ ಊರೂರಿಗೆ ನಾಟಕವನ್ನು ಒಯ್ದಿದೆ. ರಂಗಸಂಗೀತದಲ್ಲಿ ಹಾರ್ಮೋನಿಯಂ, ತಬಲಾ ನುಡಿಸುವವರು ವೇದಿಕೆಯ ಪಕ್ಕದಲ್ಲೇ ಕಾಣುತ್ತಾರೆ. ನಾದ ಎಲ್ಲಿಂದ ಹುಟ್ಟಿತೆಂಬುದು ಪ್ರೇಕ್ಷಕನಿಗೆ ಗೊತ್ತು. ಹಳ್ಳಿಯ ಬಯಲಿಗೂ ನಗರದ ಸಭಾಂಗಣಕ್ಕೂ ಅದು ತನ್ನನ್ನು ಹೊಂದಿಸಿಕೊಳ್ಳುತ್ತದೆ. ಎಲೆಕ್ಟ್ರಾನಿಕ್ ವಾದ್ಯವೃಂದಕ್ಕೆ ಈ ನಮ್ಯತೆ ಇಲ್ಲ. ಅದನ್ನು ಒಮ್ಮೆ ಬೆರೆಸಿ ಮುಗಿಸಿದ ಮೇಲೆ ಕೇಳುವ ಸ್ಥಳವೇ ಅದಕ್ಕೆ ಹೊಂದಿಕೊಳ್ಳಬೇಕು.

ಆದ್ದರಿಂದ ಇಂಥ ಸಂಗೀತದ ವಿಮರ್ಶೆ ‘ಹಾಡು ಹೇಗಿದೆ’ ಎಂಬಲ್ಲಿಗೆ ನಿಲ್ಲಲಾಗದು. ಎಲ್ಲಿ ಕೇಳಿದ್ದು, ಎಷ್ಟು ಸಲ ಕೇಳಿದ್ದು, ಮಾತು ಮುಳುಗಿದ್ದು ಸಂಯೋಜನೆಯಲ್ಲೋ ಮಂದಿರದ ಹೊಂದಾಣಿಕೆಯಲ್ಲೋ ಎಂಬುದನ್ನೂ ಅದು ಹೇಳಬೇಕಾಗುತ್ತದೆ. ಸಂಯೋಜಕರ ಹೊಣೆಯೂ ಕಡಿಮೆಯದಲ್ಲ. ದೊಡ್ಡ ಮಂದಿರದಲ್ಲಿ ಎದೆ ನಡುಗಿಸುವ ನಾದ ಹೊಳಲ್ಕೆರೆಯ ಬಸ್ಸಿನಲ್ಲಿ ಮೊಬೈಲ್ ಹಿಡಿದು ಕುಳಿತವನಿಗೂ ಏನನ್ನಾದರೂ ಉಳಿಸಬೇಕು. 1972ರ ಇಕ್ಕಟ್ಟಿನ ಧ್ವನಿಪಟ್ಟಿಗೆಂದು ಕಟ್ಟಿದ ಹಾಡು 2018ರ ಎಂಟು ಧ್ವನಿಪಥಗಳಲ್ಲೂ ಉಳಿಯಿತು. ಎಂಟು ಪಥಗಳಿಗೆಂದೇ ಕಟ್ಟಿದ ನಾದ ಇಕ್ಕಟ್ಟಿನಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನು ಇನ್ನು ಮುಂದಿನ ಕೇಳುಗರು ತೀರ್ಮಾನಿಸಲಿದ್ದಾರೆ.